ತಂಗಿ ಮನೆಯ ಸೊನ್ನೆ ಖರ್ಚು

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ನಮ್ಮೂರು ತಾಂಡೂರಿನಿಂದ ಮೂರು ದಿನದ ಹೈದರಾಬಾದ್ ಪ್ರವಾಸಕ್ಕೆ ದಿನದ ಖರ್ಚು ಬರೆಯಲು ಕುಳಿತರು, ಗೆಳತಿಯರೇ. ಸಿಟಿ ಬಸ್ಸು, ಆಟೋ, ಚಹಾ, ಊಟ ಎಲ್ಲ ಬರೆದು, ವಸತಿಯ ಮುಂದೆ ದೊಡ್ಡ ಸೊನ್ನೆ ಹಾಕಿದರು. ಇಳಿಯುವುದು ಅವರ ತಂಗಿಯ ಮನೆಯಲ್ಲಲ್ಲವೇ!

"ತಂಗಿ ಮನಿಗಿ ಖಾಲಿ ಕೈಲೆ ಹೋಗ್ತೀರೇನ್ರಿ?" ಎಂದೆ.

ಸೊನ್ನೆ ಹೊಡೆದುಹಾಕಿ ಐದು ಕಿಲೋ ತೊಗರಿಬೇಳೆ ಬರೆದರು. ಆಮೇಲೆ ಪೇಢೆ, ಹಣ್ಣು, ತಂಗಿಗೊಂದು ಸೀರೆ, ಹೊರಡುವಾಗ ಅವಳ ಮಕ್ಕಳ ಕೈಗಿಡುವ ದುಡ್ಡು. ಕೂಡಿಸಿ ನೋಡಿ, "ಇದಕಿಂತ ಲಾಡ್ಜೇ ಸಸ್ತಾ ಆತಲ್ಲ!" ಎಂದು ಪೆನ್ನು ಕೆಳಗಿಟ್ಟರು.

ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಿದರು. "ಕೊಡೋದಷ್ಟೇ ಬರದಿ, ಬರೋದು ಯಾರು ಬರೀತಾರ? ಹೋದ ಸಲ ನಿನಗ ಅಂಗಿ, ಸೊಸಿಗಿ ಸೀರಿ, ಹುಡುಗುರ ಕೈಯಾಗ ಐನೂರೈನೂರು ಕೊಟ್ಟು ಕಳಿಸ್ಯಾಳ ನನ್ನ ಮಗಳು!"

ಯಜಮಾನರು ಅದನ್ನೂ ಬರೆದು ಕಳೆದರು. ಮುಖ ಅರಳಿತು. "ಹಂಗಾದ್ರ ಮೂರೇ ದಿನ ಯಾಕ? ಐದು ದಿನ ಇರೋಣು!"

ಅಷ್ಟರಲ್ಲಿ ನಾದಿನಿಯ ಫೋನು ಬಂತು. "ವೈನಿ, ಈ ಸಲ ನೀವು ಬರಬ್ಯಾಡ್ರಿ. ನಾವೇ ತಾಂಡೂರಿಗಿ ಬರಾಕತ್ತೀವಿ. ಒಂದು ವಾರ ಇರ್ತೀವಿ."

ಅವರ ಮನೆಯಲ್ಲಿ ಯಾರೋ ನಮಗಿಂತ ಮೊದಲೇ ಲೆಕ್ಕ ಮುಗಿಸಿದ್ದಾರೆ.