ಕೆಮ್ಮು ಉಳಿದ ಕ್ಯಾಸೆಟ್ಟು

ಊರೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. ಗಂಡ ತೀರಿಕೊಂಡ ಮೇಲೆ ಕುಷಾಯಿಗೂಡದ ನಮ್ಮ ನೆರೆಮನೆಯ ಅಕ್ಕನಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಪಟಾನ್‌ಚೆರುವಿನ ಕಾರ್ಖಾನೆಗಳ ಹೊಗೆಯ ವಿರುದ್ಧ ಕಾರ್ಮಿಕರು ನಡೆಸಿದ ಸಭೆಗಳನ್ನೆಲ್ಲ ಅಕ್ಕ ಹಿಂದೆಯೇ, ಗಂಡ ಇದ್ದಾಗಲೇ, ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. “ಟೇಪು ಅಂಟಾಕತ್ತಾವ್ರಿ, ಲಗೂನ ಸೀಡಿ ಮಾಡಿಸಬೇಕು” ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಕೊನೆಗೆ ಕೂಕಟ್‌ಪಲ್ಲಿಯ ಕಂಪ್ಯೂಟರ್ ಅಂಗಡಿಗೆ ನಾನೇ ಕರೆದೊಯ್ದೆ. ಅಂಗಡಿಯವನು ಗದ್ದಲವನ್ನೆಲ್ಲ ತೆಗೆದು, ಭಾಷಣವನ್ನಷ್ಟೇ ಸ್ವಚ್ಛವಾಗಿ ಕೇಳಿಸಿದ. ಅಕ್ಕ ದಡಕ್ಕನೆ ಎದ್ದರು.

“ಮಂದಿ ಕೆಮ್ಮೋದು ಎಲ್ಲಿ ಹೋತ್ರಿ? ಸಭಾ ಕೂಡಿದ್ದ ಅದರ ಸಲುವಾಗಿ!”

ಅವನು ಗಾಬರಿಯಾಗಿ ಮೂಲ ಕ್ಯಾಸೆಟ್ಟನ್ನೇ ಹಾಕಿದ. ಭಾಷಣದ ನಡುವೆ ಜನ ಕೆಮ್ಮತೊಡಗಿದರು. ಅಕ್ಕ ಮತ್ತೆ ಕೂತು ಕಿವಿಗೊಟ್ಟರು. ಬಿಡದೆ ಬಂದ ಒಂದು ಕೆಮ್ಮಿಗೆ ಮಾತ್ರ ಬೆರಳೆತ್ತಿದರು.

“ಇದು ನಮ್ಮ ಮನಿಯವರದ್ರಿ. ತೆಗೀಬ್ಯಾಡ ಅಂತ ಅವಗ ಹೇಳ್ರಿ.”