ಓನರಮ್ಮ ಓದಿದ ಲೈಸೆನ್ಸ್

ಮೊದಲ ಸಲ ಬರೆಯುತ್ತಿದ್ದೇನೆ, ಸರಿಯಾಗಿ ಹೇಳಲು ಬಾರದಿದ್ದರೆ ಕ್ಷಮಿಸಿ. ನಾನು ಹ್ಯಾಮ್, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವನು. ಹಲಸೂರಿನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಉದ್ದ ತಂತಿ ಎಳೆಯಲು ಜಾಗವಿಲ್ಲ. ಅದಕ್ಕೇ ಮೂರು ತಿಂಗಳು ಹುಡುಕಿ, ನೆಟ್ಟಗೆ ನಿಂತು ಒಂದೇ ಕಂಬದಲ್ಲಿ ಹಲವು ಬ್ಯಾಂಡ್, ಅಂದರೆ ಬೇರೆ ಬೇರೆ ತರಂಗಾಂತರ ಹಿಡಿಯುವ ಆಂಟೆನಾ ಆರಿಸಿ, ನಿನ್ನೆ ನಿಲ್ಲಿಸಿದೆ.

ಇವತ್ತು ಬೆಳಿಗ್ಗೆ ಓನರಮ್ಮ ತಾರಸಿಗೆ ಹತ್ತಿ ಬಂದರು. "ಏನ್ರೀ ಇದು, ಟವರಾ? ಪಕ್ಕದಲ್ಲೇ ಮಿಲಿಟರಿಯೋರಿದ್ದಾರೆ. ಬಂದು ಕೇಳಿದ್ರೆ ನಾನೇನ್ ಹೇಳ್ಲಿ? ಇವತ್ತೇ ತೆಗೀರಿ."

"ಸರ್ಕಾರಿ ಲೈಸೆನ್ಸ್ ಇದೆಯಮ್ಮಾ" ಎಂದು ಕೊಟ್ಟೆ. ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು.

"ಇದ್ರಲ್ಲಿ ಟಿನ್ ಫ್ಯಾಕ್ಟರಿ ಹತ್ರದ ಅಡ್ರೆಸ್ ಇದೆಯಲ್ರೀ?"

ಅದು ನನ್ನ ಹಳೆಯ ರೂಮು. ಲೈಸೆನ್ಸ್ ಆ ವಿಳಾಸಕ್ಕೆ ಮಾತ್ರ ಸಲ್ಲುತ್ತದೆ. ಆಂಟೆನಾ ಆರಿಸುವ ಭರದಲ್ಲಿ ವಿಳಾಸ ಬದಲಿಸುವುದನ್ನೇ ಮರೆತಿದ್ದೆ. ಇದಕ್ಕೂ ಒಂದು ವಿವರಣೆಯಿದೆ, ಏನೆಂದರೆ... ಇರಿ, ತಾರಸಿಯಿಂದ ಓನರಮ್ಮ ಕೂಗುತ್ತಿದ್ದಾರೆ: "ಬೇಗ ಬನ್ರೀ, ಇಳಿಸೋಕೆ ಕಂಬದ ಇನ್ನೊಂದು ತುದಿ ಹಿಡ್ಕೊಳ್ಳಿ!"