ಕನ್ನಡಿಯಲ್ಲಿ ಕಂಡ ಸೇತುವೆ

ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ‘ಸುದ್ದಿ ತಕ್ಕಡಿ’. ಎಲ್ಲೇ ಭೂಕಂಪವಾಗಲಿ, ಬಿರುಗಾಳಿ ಬೀಸಲಿ, ಚಾನೆಲ್ಲು, ರೇಡಿಯೊ, ಪತ್ರಿಕೆ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತೂಗದೆ ಅವನಿಗೆ ತುತ್ತು ಇಳಿಯದು. ಯಾರು ಹಳೇ ನೆರೆಯನ್ನು ಇವತ್ತಿನದೆಂದು ತೋರಿಸಿದರು, ಯಾರು ಮೊಣಕಾಲುದ್ದ ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು “ಕುತ್ತಿಗೆಗೆ ಬಂತು” ಎಂದು ಅರಚಿದರು, ಎಲ್ಲ ನಾಲಿಗೆ ತುದಿಯಲ್ಲೇ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನಂತೂ ಮಗಳಿಗೆ ತುತ್ತಿನ ಜತೆಗೇ ತಿನ್ನಿಸಿದ್ದ.

ಅಂಗಡಿಯ ಟಿವಿ ಇದ್ದದ್ದು ಬಾಗಿಲ ಮೇಲೆ, ಅವನ ಬೆನ್ನ ಹಿಂದೆ. ಕತ್ತರಿಯಾಡಿಸುತ್ತಲೇ ಎದುರಿನ ಕನ್ನಡಿಯಲ್ಲಿ ನೋಡುವುದು ರೂಢಿ. ಲೋಕದ ಅನಾಹುತಗಳನ್ನೆಲ್ಲ ಅವನು ನೋಡಿದ್ದು ಗಿರಾಕಿಗಳ ತಲೆಯ ಮೇಲಿಂದ.

ಅಂದು ಹೊಳೆ ಉಕ್ಕಿ ಹರಿಯುತ್ತಿತ್ತು. ಆಚೆ ದಡದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಡ್ಯೂಟಿ ಮುಗಿಸಿ, ಸ್ಕೂಟರಿನಲ್ಲಿ ಸೇತುವೆ ದಾಟಿ ಮನೆಗೆ ಬರಬೇಕು. ರಿಟೈರಾದ ಮೇಷ್ಟ್ರ ಒಂದು ಕೆನ್ನೆ ನುಣ್ಣಗಾಗಿ, ಇನ್ನೊಂದರಲ್ಲಿ ನೊರೆ ತುಂಬಿದ್ದಾಗ ಚಾನೆಲ್ಲು ಕೂಗಿಕೊಂಡಿತು: ಸೇತುವೆ ಕುಸಿದಿದೆ!

ಅವನು ಕನ್ನಡಿಯನ್ನೇ ದಿಟ್ಟಿಸಿದ. ಮರುಕ್ಷಣ ಮುಖ ಅರಳಿತು. “ಸಿಕ್ಕಿಬಿದ್ರು ಕಳ್ಳರು! ಗಡಿಯಾರದ ಗೋಪುರ ಎಡಗಡೆ ಇದೆ ನೋಡಿ. ನಮ್ಮದು ಈ ದಡದಿಂದ ನೋಡಿದ್ರೆ ಬಲಗಡೆ ಬರಬೇಕು. ಯಾವುದೋ ಊರಿನ ಸೇತುವೆ ಇದು!”

ತಡಮಾಡದೆ ಮಗಳಿಗೆ ಫೋನು ಮಾಡಿದ. “ಪುಟ್ಟೀ, ಸೇತುವೆ ಬಿತ್ತು ಅಂತ ಬೊಗಳೆ ಬಿಡ್ತಿದಾರೆ, ನಂಬಬೇಡ. ಕತ್ತಲಾಗೋದ್ರೊಳಗೆ ಹೊರಟುಬಿಡು.”

“ಸರಿ ಅಪ್ಪಾ,” ಎಂದಳು. ಅಷ್ಟರಲ್ಲಿ ಲೈನು ಕಡಿದುಹೋಯಿತು.

“ನೀವೇ ನೋಡಿ ಮೇಷ್ಟ್ರೇ!” ಎಂದು ಗೆದ್ದ ಹುರುಪಿನಲ್ಲಿ ಕುರ್ಚಿಯನ್ನು ಗಿರ್ರನೆ ಟಿವಿಯತ್ತ ತಿರುಗಿಸಿದ.

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. “ಗೋಪುರ ಬಲಗಡೆಯೇ ಇದೆಯಲ್ಲಯ್ಯಾ!”

ಅವನೂ ತಿರುಗಿ ನೋಡಿದ. ಹೌದು, ಬಲಗಡೆಯೇ. ಸುಳ್ಳು ಹೇಳಿದ್ದು ಚಾನೆಲ್ಲಲ್ಲ, ಕನ್ನಡಿ. ಕತ್ತಿ ಬಿಸುಟು ಮತ್ತೆ ಮತ್ತೆ ಫೋನು ಮಾಡಿದರೂ ನೆಟ್‌ವರ್ಕ್ ಇಲ್ಲ. ನನ್ನ ಮಗಳನ್ನು ನಾನೇ ಹೊಳೆಗೆ ಕಳಿಸಿದೆನಲ್ಲಪ್ಪ! ಎದ್ದೆನೋ ಬಿದ್ದೆನೋ ಎಂದು ಮಳೆಯಲ್ಲಿ ಓಡಿದ. ಹಿಂದೆಯೇ ಕೊರಳಿನ ಬಟ್ಟೆ ಹಾರಿಸುತ್ತ, ಅರೆಗಡ್ಡದ ಮೇಷ್ಟ್ರು.

ಹೊಳೆದಡದಲ್ಲಿ ಪೊಲೀಸರು ಹಗ್ಗ ಕಟ್ಟಿದ್ದರು. ಸೇತುವೆಯ ನಡುಭಾಗವೇ ಇರಲಿಲ್ಲ. ಆಚೆ ದಡದಲ್ಲಿ ದೀಪ ಅಲುಗಿದರೆ ಸಾಕು, ಅವನು “ಬರಬೇಡ! ಬರಬೇಡ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಎಲ್ಲಿದೀಯೇ?”

“ಆಸ್ಪತ್ರೆಯಲ್ಲೇ.”

“ಹೊರಡು ಅಂದಿದ್ನಲ್ಲೇ ನಾನು!”

“ಅಂದಿದ್ದೆ. ಆದ್ರೆ ರೇಡಿಯೊದವರು ಬಿದ್ದಿದೆ ಅಂದ್ರು. ಆಂಬುಲೆನ್ಸ್ ಅಣ್ಣ ಅಲ್ಲಿವರೆಗೂ ಹೋಗಿ ವಾಪಸ್ ಬಂದಿದ್ರು. ಬಿದ್ದಿಲ್ಲ ಅಂದೋನು ನೀನೊಬ್ನೇ.” ಅವಳು ಸ್ವಲ್ಪ ಅಳುಕಿದಳು. “ನಿನ್ನನ್ನೂ ತೂಗಿ ನೋಡಿದೆ ಅಪ್ಪಾ. ಬೇಜಾರಾಯ್ತಾ?”

ಅವನಿಗೆ ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು.

“ಇನ್ನು ಮುಂದೆಯೂ ಹಾಗೇ ಮಾಡು ಕಣಮ್ಮ,” ಎಂದ.